ನಡು

ಮದುವೆಗೆ, ಮಣ್ಣಿಗೆ ಬಿಟ್ಟರೆ ನಾವು ಸೇರುವುದೇ ಇಲ್ಲ
ಅಂತ ಮೊದಲು ಅಂದವಳು ಹೆಲ್ವಿ.
ಅವಳು ಯೊಯೆನ್ಸು, ನಾನು ಓಲು, ಓಯ್ವ ತುರ್ಕು.
ಫಿನ್ಲೆಂಡಿನ ಮೂರು ಮೂಲೆ ಹಿಡಿದು
ಕಂಬಳಿ ಒದರುವವರ ಹಾಗೆ ನಿಂತಿದ್ದೆವು,
ನಡುವೆ ಬರೀ ಕಾಡು, ಕೆರೆ, ಕೆರೆಯಾಚೆ ಕಾಡು.

ಭೂಗೋಳದ ಟೀಚರು. ಬಾಯಿಲೆಕ್ಕ ಅವಳಿಗಾಗದು.
ಬೂಟಿನ ಡಬ್ಬಿಯ ಮುಚ್ಚಳಕ್ಕೆ ನಕಾಶೆ ಅಂಟಿಸಿ
ಮೂರೂರಿಗೆ ಮೂರು ಗುಂಡುಸೂಜಿ ಚುಚ್ಚಿ
ತ್ರಿಕೋನ ಕತ್ತರಿಸಿ
ಪೆನ್ಸಿಲ್ಲಿನ ಮೊನೆಯ ಮೇಲೆ ಕೂರಿಸಿದಳಂತೆ.
ವಾಲಿತು. ಸರಿಸಿದಳು. ಮತ್ತೆ ವಾಲಿತು.
ಕೊನೆಗೊಮ್ಮೆ ಉಸಿರು ಬಿಗಿಹಿಡಿದು ನಿಂತಿತು.
ಫೋನು ಮಾಡಿದಳು: ಸಿಕ್ಕಿತು,
ಕೈಟೆಲೆ ಸರೋವರದ ಒಳಗೆ, ದಡದಿಂದ ಚೂರು ದೂರ.
‘ಹಾಗಾದರೆ ಈಜುಡುಗೆ ತರುತ್ತೇನೆ’ ಅಂದ ಓಯ್ವ,
ನಲವತ್ತು ವರ್ಷ ಹಡಗಿಗೆ ಬೆಸುಗೆ ಹಾಕಿದವನು,
ಈಜು ಬಾರದವನು.

ದಡದಲ್ಲೊಂದು ಪೆಟ್ರೋಲ್ ಬಂಕು. ಅದೇ ಆಯಿತು.
ಕಿಟಕಿ ಪಕ್ಕದ ಮೇಜು, ಏಲಕ್ಕಿ ಬನ್ನು,
ಲಾರಿಯವರು ಎರಡೆರಡು ಸಲ ತುಂಬಿಸಿಕೊಳ್ಳುವ ಕಪ್ಪು ಕಾಫಿ.
ಮೇ ತಿಂಗಳ ಮೂರನೇ ಶನಿವಾರ, ಹನ್ನೆರಡಕ್ಕೆ ಸರಿಯಾಗಿ;
ಕೊನೆಗೆ ಬಂದವರದು ಬನ್ನಿನ ದುಡ್ಡು.
ಮಾತೇನೂ ಹೆಚ್ಚಿರಲಿಲ್ಲ. ಯಾವ ರಸ್ತೆ ಅಗೆದಿದ್ದಾರೆ,
ಎಲ್ಲಿ ಮೂಸ್ ಅಡ್ಡ ನಿಂತಿತ್ತು.
ಒಮ್ಮೆ ಅಪ್ಪನ ಕೈಗಡಿಯಾರದ ಸುದ್ದಿ ಬಂದು
ಓಯ್ವ ಎದ್ದು ಹೋಗಿ ಕಾರಿನಲ್ಲಿ ಕೂತ.
ಬನ್ನು ಕಳಿಸಿದೆವು. ತಿಂದ. ಒಳಗೆ ಬರಲಿಲ್ಲ.

ಹೆಲ್ವಿಯ ಕಣ್ಣಿನ ನಡುವೆ ಮಬ್ಬು ಕೂತದ್ದು ಆಮೇಲೆ.
‘ನೋಡಿದ್ದರ ಸುತ್ತಲಿನದು ಕಾಣುತ್ತೆ,
ನೋಡಿದ್ದು ಕಾಣಲ್ಲ’ ಅಂದಳು, ಪಾಠ ಹೇಳುವವರಂತೆ.
ಕಾರು ಪಕ್ಕದ ಮನೆಯ ಹುಡುಗನಿಗೆ ಮಾರಿದಳು.

ಆ ವರ್ಷ ಓಯ್ವನಿಗೆ ಬಂಕಿನ ಬನ್ನು ಹಳಸಲು ಅನ್ನಿಸಿತು,
ಸುವೊನೆನ್ಯೊಕಿಯಲ್ಲಿ ಒಳ್ಳೆ ಸ್ಟ್ರಾಬೆರಿ ಕೇಕು ಸಿಗುತ್ತಂತೆ.
ಮರುವರ್ಷ ನನಗೆ ವರ್ಕೌಸಿನಲ್ಲಿ ಒಂದು ಕೆಲಸವಿತ್ತು.
ಏನು ಕೆಲಸ?
ಕಾಗದದ ಗಿರಣಿಯ ವಾಸನೆ ಕುಡಿದು ಬಂದೆ.
ಆಮೇಲೆ ಔಟೊಕುಂಪು: ಮುಚ್ಚಿಹೋದ ತಾಮ್ರದ ಗಣಿ,
ನಾವು ನೋಡೇ ಇಲ್ಲವಲ್ಲ!
ನಡು ಹೀಗೆ ವರ್ಷಕ್ಕಷ್ಟು ಪೂರ್ವಕ್ಕೆ ತೆವಳಿತು.
ಓಯ್ವ ನಸುಕಿನ ನಾಲ್ಕಕ್ಕೇ ತುರ್ಕು ಬಿಡುತ್ತಿದ್ದ,
ಬನ್ನಿನ ದುಡ್ಡು ಆದರೂ ಅವನದೇ.

ಈ ಸಲ ಗಣಿಯ ಕೆಫೆಗೆ ಹೆಲ್ವಿ ಬಸ್ಸಿನಲ್ಲಿ ಬಂದಳು.
ಮುಕ್ಕಾಲು ಗಂಟೆ ದಾರಿ.
ಕೋಟಿನ ಗುಂಡಿ ಒಂದು ಕಾಜ ತಪ್ಪಿ ಕೂತಿತ್ತು.
ಕೈಚೀಲದಿಂದ ರಟ್ಟಿನ ತ್ರಿಕೋನ ತೆಗೆದು ಮೇಜಿಗಿಟ್ಟು
ಬೆರಳಿನಿಂದ ತಡವಿದಳು.
ಪೆನ್ಸಿಲ್ ಊರಿದ್ದ ಸಣ್ಣ ಕುಳಿ ಇನ್ನೂ ಇತ್ತು.
ಅಲ್ಲಿಂದ ನಿಧಾನ ಜರುಗಿಸುತ್ತ,
ಸ್ಟ್ರಾಬೆರಿ, ಗಿರಣಿ, ಗಣಿ,
ತನ್ನೂರಿನ ಮೂಲೆ ಇನ್ನೇನು ಬಂತು ಅನ್ನುವಾಗ ತಡೆದಳು.
‘ಇಲ್ಲಿ ಊರಿದರೆ ಇದು ಬೀಳುತ್ತೆ, ಮುಠ್ಠಾಳರಾ.
ಮೂವತ್ತೊಂದು ವರ್ಷ ನಕಾಶೆ ಕಲಿಸಿದವಳಿಗೆ
ದಿಕ್ಕು ತಪ್ಪಿಸುತ್ತೀರಾ?’

ನಾವಿಬ್ಬರೂ ಕಾಫಿ ಕಲಕಿದೆವು,
ಸಕ್ಕರೆ ಹಾಕಿರದ ಕಾಫಿ.

‘ಬರುವ ವರ್ಷ ಬಂಕಿನಲ್ಲೇ. ನ್ಯಾಯ ಅಂದರೆ ನ್ಯಾಯ.
ಯಾರಾದರೂ ಒಬ್ಬರು ಬಂದು ನನ್ನ ಕರಕೊಂಡು ಹೋಗಿ.’

ಓಯ್ವ ಜೇಬಿನಿಂದ ಪೆನ್ನು ತೆಗೆದ.
ತುರ್ಕುವಿನಿಂದ ಯೊಯೆನ್ಸು, ಅಲ್ಲಿಂದ ಹಿಂದೆ ಕೈಟೆಲೆ,
ಮತ್ತೆ ಯೊಯೆನ್ಸು, ಮತ್ತೆ ತುರ್ಕು;
ಕೂಡುತ್ತ ಕೂಡುತ್ತ ಟಿಶ್ಯೂ ಹರಿಯಿತು.
‘ಎಷ್ಟಾಯಿತು?’ ಹೆಲ್ವಿ ಮುಖ ಓರೆ ಮಾಡಿ,
ಕಾಣುವ ಅಂಚಿನಲ್ಲಿ ಅವನನ್ನು ಹುಡುಕಿ ಕೇಳಿದಳು.
ಹರಿದದ್ದನ್ನು ಮುದುರಿ ಕಪ್ಪಿನೊಳಗೆ ಹಾಕಿ
‘ಸಮ’ ಅಂದ.